ಬಿಸಿ ಬಾನೆಟ್ಟು

ಭಾನುವಾರ ಸಂಜೆ ನಾಲ್ಕೂವರೆಗೆ ಅಂಚೆ ಕಚೇರಿಯ ಗುಮಾಸ್ತೆಯೊಬ್ಬಳು ಐದು ವರ್ಷದ ಉಳಿತಾಯ ಹಿಡಿದುಕೊಂಡು ಹಳೇ ಡೀಸೆಲ್ ಕಾರು ನೋಡಲು ಹೋದಳು.

"ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ ಮೇಡಂ! ಅಡ್ವಾನ್ಸ್ ಈಗಲೇ ಕೊಡಿ, ಇನ್ನೊಂದು ಪಾರ್ಟಿ ಬರ್ತಿದೆ," ಎಂದು ವ್ಯಾಪಾರಿ ಗುರುಶಾಂತಪ್ಪ ಅವಸರಪಡಿಸಿದ.

ಅವಳು ಬಾನೆಟ್ ಮುಟ್ಟಿದಳು. ದೋಸೆಕಲ್ಲಿನಷ್ಟು ಬಿಸಿ! ತಾನು ಬರುವ ಮೊದಲೇ ಇವನು ಎಂಜಿನ್ ಓಡಿಸಿ ಕಾಯಿಸಿಟ್ಟಿದ್ದಾನೆ ಎಂದು ಅವಳಿಗೆ ತಿಳಿದುಹೋಯಿತು.

"ರಾಹುಕಾಲದಲ್ಲಿ ಯಾವ ಪಾರ್ಟಿ ಅಡ್ವಾನ್ಸ್ ಕೊಡುತ್ತೆ ಅಣ್ಣಾ? ಆರು ಗಂಟೆ ಆಗ್ಲಿ," ಎಂದು ಕುರ್ಚಿ ಎಳೆದು ಕೂತಳು. ಬೇಡ ಅನ್ನಲಾರದೆ ಅವನೇ ಟೀ ತರಿಸಿದ.

ಆರಕ್ಕೆ ಕೀಲಿ ತಿರುಗಿಸಿದಳು. ತಣ್ಣಗಾಗಿದ್ದ ಕಾರು ಕೆಮ್ಮಿತು, ಮುಲುಗಿತು, ಸುಮ್ಮನಾಯಿತು. ಐದು ಸಲ ತಿರುಗಿಸಿದರೂ ಅದೇ ಕಥೆ.

ಗುರುಶಾಂತಪ್ಪ ಹಣೆ ಒರೆಸಿಕೊಂಡ. "ನನ್ನ ಖರ್ಚಲ್ಲೇ ರಿಪೇರಿ ಮಾಡಿಸ್ತೀನಿ ತಾಯಿ. ಮತ್ತೆ ಯಾವಾಗ ಬರ್ತೀರಿ?"

"ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ. ನಾನು ಬರೋ ತನಕ ಅದನ್ನ ಎಬ್ಬಿಸಬೇಡಿ ಅಣ್ಣಾ, ಪಾಪ, ಮಲಗಿರಲಿ."