ಉಗುರಿನ ಗೀರು

"ಅಜ್ಜಾರೇ, ನನ್ನ ಮಗಳು ಮತ್ತೆ ಎದ್ದು ಓಡಾಡುವುದು ಯಾವಾಗ?" ಎಂದು ಸಾವಂತ್ರವ್ವ ಮಠದ ಗುರುಗಳನ್ನು ಕೇಳಿದಳು.

ಮಗಳ ಕೂಸು ಹನ್ನೊಂದನೆಯ ದಿನಕ್ಕೆ ತೀರಿಕೊಂಡು ಮೂರು ತಿಂಗಳಾಗಿತ್ತು. ಅಂದಿನಿಂದ ಮಗಳು ಮಾತು ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಕೂಸಿನ ಮಾತೆತ್ತಿದರೆ ಮಾತ್ರ ಕಣ್ಣಲ್ಲಿ ನೀರು ಬರುತ್ತದೆ. ಸದ್ಯ, ಕಲ್ಲಾಗಿಲ್ಲವಲ್ಲ ಎಂದು ನನಗೆ ಅಷ್ಟಕ್ಕೇ ಸಮಾಧಾನ. ಅದಕ್ಕೇ ದಿನಾ ಬೆಳಗ್ಗೆ ಎದ್ದ ಕೂಡಲೇ ಆ ಮಾತು ಎತ್ತುತ್ತೇನೆ."

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ತೋಟಗಾರನಿದ್ದ. ವ್ಯಾಪಾರಿಯೊಬ್ಬ ಅವನಿಗೆ ನಿಂಬೆಹಣ್ಣಿನಷ್ಟು ದಪ್ಪದ ಒಂದು ಗಡ್ಡೆ ಕೊಟ್ಟ. "ಅರ್ಧ ಮಣ್ಣಿನ ಮೇಲೆ ಕಾಣುವಂತೆ ನೆಡು. ಚಳಿಗಾಲದಲ್ಲಿ ಚಿಗುರುತ್ತದೆ, ಬೇಸಿಗೆಯೆಲ್ಲ ಮಲಗುತ್ತದೆ. ಮಲಗಿದಾಗ ನೀರು ಹಾಕಬೇಡ. ಇಂಥವು ಹತ್ತು ಬಗೆ ಇವೆ, ಗಡ್ಡೆ ನೋಡಿ ಹೆಸರು ಹೇಳಲಾಗದು. ಎರಡನೆಯ ಚಳಿಗೆ ಹೂ ಬಿಡುತ್ತದೆ. ಆಗ ಬಂದು ಹೇಳುತ್ತೇನೆ" ಎಂದ.

ಮೊದಲ ಚಳಿಗೆ ನಾಲ್ಕೆಲೆ ಬಂದವು. ಬಿಸಿಲೇರಿದಾಗ ಉದುರಿದವು. ತೋಟಗಾರ ಹನಿ ನೀರೂ ಹಾಕಲಿಲ್ಲ. ಆದರೆ ಬದುಕಿದೆಯೋ ಇಲ್ಲವೋ ಎಂಬ ಚಿಂತೆ ಅವನನ್ನು ಬಿಡಲಿಲ್ಲ. ಉಗುರಿನಿಂದ ಗಡ್ಡೆಯ ಸಿಪ್ಪೆಯನ್ನು ತುಸುವೇ ಗೀರಿದ. ಒಳಗೆ ಹಸಿರಿತ್ತು. ಅಂದು ಹೊಟ್ಟೆ ತುಂಬ ಉಂಡ.

ಎರಡು ದಿನಕ್ಕೆ ಮತ್ತೆ ಸಂಶಯ, ಮತ್ತೊಂದು ಗೀರು. ಮತ್ತೆ ಹಸಿರು, ಮತ್ತೆ ನೆಮ್ಮದಿ.

"ಸತ್ತದ್ದಕ್ಕೆ ಕಾವಲು ಕೂತಿದ್ದೀಯಲ್ಲೋ!" ಎಂದು ನೆರೆಯವನು ಹಂಗಿಸಿದ. ಅವನ ಬಾಯಿ ಮುಚ್ಚಿಸಲು ಇನ್ನೊಂದು ಕಡೆ ಗೀರಿ ತೋರಿಸಿದ. ಬೇಸಿಗೆ ದಾಟುವ ಹೊತ್ತಿಗೆ ಎಲ್ಲಿ ಗೀರಿದರೂ ಹಸಿರು ಕಾಣದಾಯಿತು.

ಚಳಿ ಬಿತ್ತು. ಗಡ್ಡೆ ಚಿಗುರಲಿಲ್ಲ. ವ್ಯಾಪಾರಿ ಬಂದು ಅದನ್ನು ಅದುಮಿದ. ಒಳಗೆಲ್ಲ ಟೊಳ್ಳು. ತಿರುಗಿಸಿ ನೋಡಿದ. ಉಗುರು ತಾಗದ ಜಾಗವೇ ಇರಲಿಲ್ಲ.

"ಇದರ ಹೆಸರೇನಾಗಿತ್ತು?" ಎಂದು ತೋಟಗಾರ ಕೇಳಿದ.

"ಇನ್ನು ಅದು ಯಾರಿಗೂ ತಿಳಿಯುವುದಿಲ್ಲ" ಎಂದು ವ್ಯಾಪಾರಿ ಎದ್ದು ಹೋದ.

ಸಾವಂತ್ರವ್ವನಿಗೆ ರೇಗಿತು. "ಎಂಥ ದಡ್ಡ ಅಜ್ಜಾರೇ ಅವನು! ಒಂದು ಸಲ ಹಸಿರು ಕಂಡಿತಲ್ಲ, ಕೈ ಕಟ್ಟಿಕೊಂಡು ಕೂರುವುದಕ್ಕೆ ಏನಾಗಿತ್ತು?"

ಗುರುಗಳು ಅವಳ ಮುಖ ನೋಡಿ ಕೇಳಿದರು: "ಇವತ್ತು ಬೆಳಗ್ಗೆ ಮಗಳು ಅತ್ತಳೇ, ತಾಯಿ?"