ಕಡೆಯ ಎತ್ತಿಗೊಂದು ಬುಟ್ಟಿ

ಘಟ್ಟದ ನೆತ್ತಿಯ ಮೇಲೆ ಉಪ್ಪಿನಕೋಟೆ ಅಂತ ಒಂದು ರಾಜ್ಯ ಇತ್ತು, ಮಕ್ಕಳೇ. ಹೆಸರಿಗೆ ಉಪ್ಪಿನಕೋಟೆ, ಉಪ್ಪು ಬರಬೇಕಾದದ್ದು ಮಾತ್ರ ಕೆಳಗಿನ ಕಡಲತೀರದಿಂದ. ಅದನ್ನು ಎತ್ತುಗಳು ಹೊತ್ತು ತರುತ್ತಿದ್ದವು. ದಾರಿ ಎಷ್ಟು ಕಿರಿದು ಅಂದರೆ ಎರಡು ಎತ್ತು ಪಕ್ಕಪಕ್ಕ ನಿಲ್ಲುವ ಹಾಗಿರಲಿಲ್ಲ. ಒಂದರ ಹಿಂದೆ ಒಂದು. ಮೊದಲನೆಯದು ಕೋಟೆ ಬಾಗಿಲಲ್ಲಿ, ಕಡೆಯದು ಯಾವ ತಿರುವಿನಲ್ಲೋ, ಮಂಜಿನೊಳಗೆ.

ಆ ರಾಜ್ಯದಲ್ಲಿ ಒಂದು ಪದ್ಧತಿ. ಕಡೆಯ ಎತ್ತು ಮುಂದಿನವರೆಲ್ಲರ ಧೂಳು ಕುಡಿದು ಬಂದದ್ದಲ್ಲವೇ? ಅದಕ್ಕೇ ಪ್ರತಿ ಹುಣ್ಣಿಮೆಯ ಬೆಳಿಗ್ಗೆ ರಾಜ ಅದನ್ನು ಕರೆಸಿ, ಸ್ವಂತ ಕೈಯಿಂದ ಬೆಲ್ಲ ತಿನ್ನಿಸಿ, ಇನ್ನು ಹೊರೆ ಹೊರುವುದು ಬೇಡ ಅಂತ ಬಿಟ್ಟುಬಿಡುತ್ತಿದ್ದ. ಯಾವ ಊರಿನ ಬೆಲ್ಲ ಅಂತ ಕೇಳಬೇಡಿ, ಅದು ಬೇರೆ ಕಥೆ.

ಕಡೆಯ ಎತ್ತನ್ನು ಹುಡುಕಿ ತರುವುದು ಆಳು ಬೊಮ್ಮಯ್ಯನ ಕೆಲಸ. ಅವನು ಮೊದಲನೆಯ ಎತ್ತನ್ನು ಕೇಳುತ್ತಿದ್ದ, "ನಿನ್ನ ಹಿಂದೆ ಯಾರಾದರೂ ಇದ್ದಾರೇನಪ್ಪಾ?"

"ಇದ್ದಾನೆ. ಅವನನ್ನ ಕೇಳು."

ಎರಡನೆಯದೂ ಹಾಗೇ ಅನ್ನುತ್ತಿತ್ತು. ಮೂರನೆಯದೂ ಹಾಗೇ. ಕೇಳುತ್ತಾ ಕೇಳುತ್ತಾ ಹೋದರೆ ಯಾವುದೋ ಒಂದು ಎತ್ತು, "ನನ್ನ ಹಿಂದೆ ಬರೀ ಮಂಜು," ಅನ್ನುತ್ತಿತ್ತು. ಅದೇ ಕಡೆಯದು.

ಮಂತ್ರಿ ದುಗ್ಗರಸನಿಗೆ ರಾಜನನ್ನು ಖುಷಿಯಾಗಿಡುವ ಚಟ. ಅವನೊಂದು ಕಟ್ಟಳೆ ಹೊರಡಿಸಿದ: ಮಹಾರಾಜರು ಕೇಳಿದ್ದಕ್ಕೆ ಇಲ್ಲ ಅಂದವರನ್ನು ಕಮರಿಗೆ ತಳ್ಳತಕ್ಕದ್ದು. ರಾಜ ಓದದೆಯೇ ಮುದ್ರೆ ಒತ್ತಿದ.

ಒಂದು ಹುಣ್ಣಿಮೆ. ಬಾಗಿಲಲ್ಲಿ ಒಂದು ಎತ್ತೂ ಇರಲಿಲ್ಲ. ಬೊಮ್ಮಯ್ಯ ಕೇಳುವುದಾದರೂ ಯಾರನ್ನು? ಬರಿಗೈಲಿ ಹಿಂದಿರುಗಲು ಹೆದರಿ, ಮಂಜಿನೊಳಗೆ ಎಲ್ಲೋ ಇದ್ದೀತು ಅಂತ ಕೈಚಾಚಿಕೊಂಡು ಇಳಿದ. ಕೆಳಗೆ ಮಳೆಗೆ ದಾರಿಯೇ ಕುಸಿದಿತ್ತು. ಆಮೇಲೆ ಸಿಕ್ಕಿದ್ದು ಅವನ ರುಮಾಲು ಮಾತ್ರ.

ಎರಡನೆಯ ಹುಣ್ಣಿಮೆ. ಆಗಲೂ ಎತ್ತು ಬರಲಿಲ್ಲ. ಹೊಸ ಆಳು ಸಿದ್ದೋಜಿ, ಗಾಣದ ತಿಮ್ಮಕ್ಕನ ಒಂದೇ ಒಂದು ಎತ್ತನ್ನು ಬಿಚ್ಚಿ ತಂದು, ಬೆನ್ನ ಮೇಲೆ ಉಪ್ಪಿನದೆಂಬಂತೆ ಬೂದಿಮೂಟೆ ಹೇರಿ ನಿಲ್ಲಿಸಿದ. ರಾಜ ಬೆಲ್ಲ ತಿನ್ನಿಸಿ ಬಯಲಿಗೆ ಬಿಟ್ಟ. ತಿಮ್ಮಕ್ಕ ಅಳುತ್ತಾ ಬಂದರೆ ಮಂತ್ರಿ ಗದರಿಸಿ ಕಳಿಸಿದ. ಗಾಣ ನಿಂತಿತು, ಅವಳ ಒಲೆಯೂ ಆರಿತು. ಉಪ್ಪು ಬರುತ್ತಲೇ ಇದೆ ಅಂದುಕೊಂಡ ರಾಜ ದಾರಿಯ ಕಡೆ ತಿರುಗಿಯೂ ನೋಡಲಿಲ್ಲ.

ಮೂರನೆಯ ಹುಣ್ಣಿಮೆಗೆ ಸಿದ್ದೋಜಿ ಊರುಬಿಟ್ಟ. ಮಂತ್ರಿ ಬೊಮ್ಮಯ್ಯನ ಹೆಂಡತಿ ಕೆಂಚವ್ವನನ್ನು ಕರೆಸಿದ. ಬುಟ್ಟಿ ಹೆಣೆದು ಬದುಕುವವಳು.

"ಗಂಡನ ಹಾಗೆ ಅರ್ಧ ದಾರೀಲೇ ಉಳೀಬೇಡ ಕಣೇ," ಅಂದ.

"ಉಳಿಯಲ್ಲ ಬುದ್ಧಿ. ಬಂದೇ ಬರ್ತೀನಿ."

ಕೆಂಚವ್ವ ಬಾಗಿಲಿಗೆ ಹೋದಳು. ಮೊದಲನೆಯ ಎತ್ತು ಇದೆಯೇ ಅಂತ ನೋಡಿದಳು. ಇರಲಿಲ್ಲ. ಅವಳು ಮಂಜಿಗೆ ಕಾಲಿಡಲೇ ಇಲ್ಲ. ಮುಚ್ಚಳದ ಬುಟ್ಟಿಯೊಂದನ್ನು ಹೊತ್ತು ನೇರ ಆಸ್ಥಾನಕ್ಕೆ ಬಂದಳು.

"ಮಹಾಸ್ವಾಮಿ, ಕಡೆಯ ಎತ್ತು ಸಿಕ್ಕಿದ್ದರೆ ಅದರ ಕೊರಳಗಂಟೆ ಈ ಬುಟ್ಟಿಯಲ್ಲಿರುತ್ತೆ. ಮಂತ್ರಿಗಳೇ ತೆಗೆದು ತಮ್ಮ ಕೈಗೆ ಕೊಡಲಿ."

ದುಗ್ಗರಸ ಗತ್ತಿನಿಂದ ಮುಚ್ಚಳ ತೆಗೆದ. ಇಣುಕಿದ. ಕೈ ಹಾಕಿ ತಡಕಿದ.

"ಏನಿದೆ?" ರಾಜ ಕೇಳಿದ.

"ಪ್ರಭು, ಬುಟ್ಟಿ ಬಹಳ ಚೆನ್ನಾಗಿದೆ."

"ಗಂಟೆ ಎಲ್ಲಿ?"

"ಪ್ರಭು, ಹೆಣಿಗೆ ನೋಡಿ, ಎಷ್ಟು ಬಿಗಿ."

"ಗಂಟೆ ಇದೆಯೋ, ಇಲ್ಲವೋ?"

ಮಂತ್ರಿ ಬುಟ್ಟಿಯನ್ನು ಬೋರಲು ಹಾಕಿ ನೋಡಿದ. "ಇಲ್ಲ, ಪ್ರಭು."

ಕಾವಲುಗಾರರು ಕಟ್ಟಳೆಯಂತೆ ಎರಡು ಹೆಜ್ಜೆ ಮುಂದೆ ಬಂದರು. ಕೆಂಚವ್ವ ಸೆರಗಿನಿಂದ ಗಂಡನ ರುಮಾಲು ತೆಗೆದು ರಾಜನ ಪಾದದ ಬಳಿ ಇಟ್ಟಳು.

"ಈಗ ಮಂತ್ರಿಗಳು ಅಂದ್ರಲ್ಲ, ನನ್ನ ಗಂಡ ಅನ್ನಬೇಕಿದ್ದದ್ದೂ ಅದೊಂದೇ ಮಾತು. ಅದನ್ನ ಅನ್ನೋಕೆ ಹೆದರಿ, ಕುಸಿದ ದಾರೀಲಿ ಇಳಿದು ಸತ್ತ. ಹೋದ ಹುಣ್ಣಿಮೆ ತಾವು ಬೆಲ್ಲ ತಿನ್ನಿಸಿದ್ದೂ ಗಾಣದ ತಿಮ್ಮಕ್ಕನ ಎತ್ತಿಗೆ."

ರಾಜ ಬಗ್ಗಿ ರುಮಾಲು ಮುಟ್ಟಿ, ಮಂತ್ರಿಯ ಕಡೆ ತಿರುಗಿದ. ಆಮೇಲೆ, "ಇವನನ್ನು ಏನು ಮಾಡಲಿ, ತಾಯಿ?" ಅಂದ.

"ತಳ್ಳಬೇಡಿ. ಇಳಿಸಿ. ಕುಸಿದ ದಾರಿಗೆ ಕಲ್ಲು ಹೊರಲಿ."

ಹಾಗೇ ಆಯಿತು. ತಿಮ್ಮಕ್ಕನ ಎತ್ತು ಗಾಣಕ್ಕೆ ಮರಳಿತು. ಕಟ್ಟಳೆಯನ್ನು ರಾಜನೇ ಹರಿದ. ಅಂದಿನಿಂದ ಹುಣ್ಣಿಮೆಗೆ ಬರುತ್ತಿದ್ದದ್ದು ಬುಟ್ಟಿ. ರಾಜ ತಾನೇ ತೆರೆಯುತ್ತಿದ್ದ. ಗಂಟೆ ಇದ್ದರೆ ಬೆಲ್ಲ ತರಿಸುತ್ತಿದ್ದ, ಇರದಿದ್ದರೆ ದಾರಿ ನೋಡಲು ಜನ ಕಳಿಸುತ್ತಿದ್ದ. ದಾರಿ ಸರಿಯಾದ ಮೇಲೆ ಬಂದ ಮೊದಲ ಸಾಲಿನ ಕಡೆಯ ಎತ್ತಿನ ಕೋಡಿಗೆ ಕೆಂಚವ್ವ ಆ ರುಮಾಲು ಕಟ್ಟಿ ಬಯಲಿಗೆ ಬಿಟ್ಟಳು.

ನೀತಿ ಇಷ್ಟೇ, ಮಕ್ಕಳೇ. ಕಡೆಯದನ್ನು ತರಹೊರಟವರು ಮೊದಲನೆಯದು ಇದೆಯೇ ಅಂತ ನೋಡಬೇಕು. ತರಹೇಳಿದವರು, ಇಲ್ಲ ಅನ್ನುವ ಉತ್ತರಕ್ಕೂ ಒಂದು ಬುಟ್ಟಿ ಕೊಟ್ಟು ಕಳಿಸಬೇಕು.