ಇಳಿಯಪ್ಪನ ದಿಬ್ಬ

ಹಾಲಗೊಂಡನಹಳ್ಳಿಯ ವಾಯುನೆಲೆಯ ಬೇಲಿಗೆ ತಾಗಿಕೊಂಡು ಒಂದು ಬೋಳು ದಿಬ್ಬವಿದೆ. ವರ್ಷವಿಡೀ ಕುರಿಗಳನ್ನು ಬಿಟ್ಟರೆ ಅದನ್ನು ಹತ್ತುವವರಿಲ್ಲ. ಮಾಘಮಾಸದಲ್ಲಿ ವಿಮಾನ ಪ್ರದರ್ಶನ ನಡೆಯುವ ದಿನ ಮಾತ್ರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನೆತ್ತಿಯ ಮೇಲೆ ನೆಟ್ಟಿರುವ ಕಲ್ಲಿಗೆ ಬಂದವರೆಲ್ಲ ಕುಂಕುಮ ಹಚ್ಚಿ, ಕಾಯಿ ಒಡೆದು, "ಇಳಿಯಪ್ಪಸ್ವಾಮಿ, ಕಾಪಾಡಪ್ಪ" ಎಂದು ಕೈಮುಗಿಯುತ್ತಾರೆ. ಹೋದ ವರ್ಷ ಒಬ್ಬ ಮಹಾಶಯರು, ಇಳಿಯಪ್ಪನೆಂದರೆ ಆಂಜನೇಯನೇ, ಆಕಾಶದಿಂದ ಇಳಿದದ್ದಕ್ಕೆ ಆ ಹೆಸರು ಬಂತು ಎಂದು ಮೈಕಿನಲ್ಲೇ ಸಾರಿಬಿಟ್ಟರು. ಅಯ್ಯೋ, ಹೇಳುವವರ ಬಾಯಿಗೆ ಬೀಗ ಹಾಕಲಾದೀತೇ! ಅದು ಯಾವ ದೇವರ ಹೆಸರೂ ಅಲ್ಲ. ಮಾಳಕ್ಕನೆಂಬ ಹೆಂಗಸು ಎದೆಯೊಡೆದು ಕೂಗಿದ ಮಾತು ಅದು.

ಹಿಂದೆ ಒಮ್ಮೆ, ದೊಡ್ಡ ಯುದ್ಧದ ಕಾಲದಲ್ಲಿ, ಊರವರು ಒಕ್ಕಣೆ ಮಾಡುತ್ತಿದ್ದ ಹಾಸುಬಂಡೆಯ ಬಯಲನ್ನು ಸರ್ಕಾರ ತೆಗೆದುಕೊಂಡು, ವಿಮಾನ ಇಳಿಯಲೆಂದು ಉದ್ದಕ್ಕೂ ಡಾಂಬರು ಹಾಕಿಸಿತಂತೆ. ಕಣವೇ ಹೋಯಿತಲ್ಲ ಎಂದು ಊರು ಬಾಯಿ ಬಾಯಿ ಬಡಿದುಕೊಂಡಿತು. ಆದರೆ ವಿಮಾನ ಬರುತ್ತಿದ್ದುದು ಅಪರೂಪ, ಕಾವಲುಗಾರನೂ ಪಕ್ಕದೂರಿನವನು. ಸುಗ್ಗಿಯಲ್ಲಿ ಜನ ಡಾಂಬರಿನ ಮೇಲೆಯೇ ಹುರುಳಿ ಹರಡಿದರೆ ಅವನು ಕಣ್ಣು ಮುಚ್ಚಿಕೊಂಡ. ಬಸ್ಸು ಬರುವ ದಾರಿಯಲ್ಲಿ ಹುರುಳಿಬಳ್ಳಿ ಹಾಸಿ, ಚಕ್ರ ಉರುಳಿಸಿಕೊಂಡು ಕಾಳು ಬಿಡಿಸುವುದು ಆ ಸೀಮೆಯವರಿಗೆ ಹೊಸದೇನಲ್ಲ. ಮಾಳಕ್ಕ ಗಂಡ ಸತ್ತವಳು, ಎತ್ತಿಲ್ಲ, ಆಳಿಲ್ಲ. ಬಾಯಿ ಜೋರು, ಮನಸ್ಸು ಬೆಣ್ಣೆ. ಬಡಿದು ಬಡಿದು ರೆಟ್ಟೆ ಬಿದ್ದುಹೋಗಿತ್ತು. "ಬಸ್ಸಿನ ಚಕ್ರಕ್ಕೇ ಅಷ್ಟು ಉದುರ್ತದೆ, ಇಮಾನದ್ದು ಒಂದು ಸಲ ಉರುಳಿದ್ರೆ ಸಾಕು ಕಣ್ರೇ," ಎಂದು ಅವಳು ನೆರೆಯವರೊಡನೆ ನಗೆಯಾಡುತ್ತಿದ್ದಳಂತೆ.

ಒಂದು ಮಧ್ಯಾಹ್ನ ಮೋಡದಾಚೆ ಗುಂಯ್ ಎಂಬ ಸದ್ದಾಯಿತು. ಉಳಿದವರು ಬಳ್ಳಿಯನ್ನು ಬಾಚಿಕೊಂಡು ಓಡಿದರು. ಮಾಳಕ್ಕ ಮಾತ್ರ ಕದಲಲಿಲ್ಲ. ನಡುದಾರಿಯಲ್ಲಿ ಅವಳ ಹುರುಳಿ ಹಾಸಿತ್ತು, ಪಕ್ಕದಲ್ಲಿ ಅವಳು ನಿಂತಿದ್ದಳು. ವಿಮಾನ ತಗ್ಗಿ ಬಂತು, ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ಸರ್ರನೆ ಮೇಲೆದ್ದಿತು. ಬೆಳೆ ತುಳಿಯಲು ಮನಸ್ಸು ಬಾರದ ಬಸ್ಸಿನವರನ್ನು ಅವಳು ಕಂಡಿದ್ದಳು. ಇವನೂ ಅಂಥವನೇ, ಪಾಪ, ಸಂಕೋಚದ ಹುಡುಗ ಎಂದುಕೊಂಡಳು. ಎರಡೂ ಕೈ ಎತ್ತಿ ಬೀಸಿ, "ಇಳಿಯಪ್ಪಾ, ಇಳಿ! ತುಳಿದ್ರೆ ಏನೂ ಆಗಲ್ಲ, ಇಳಿಯಪ್ಪಾ!" ಎಂದು ಕರೆದಳು. ಅವನು ಸುತ್ತು ಹಾಕಿ ಮತ್ತೆ ತಗ್ಗಿದ. ಅವಳು ಇನ್ನೂ ಜೋರಾಗಿ ಕೈ ಬೀಸಿದಳು. ಅವನು ಮತ್ತೆ ಮೇಲೆದ್ದ. ಆಮೇಲೆ ಸದ್ದು ಕೆಮ್ಮಿದಂತಾಗಿ ನಿಂತೇಹೋಯಿತು. ದಿಬ್ಬದಾಚೆಯ ಹೊಲದಲ್ಲಿ ಹೊಗೆ ಎದ್ದಿತು.

ಸೈನಿಕರಿಗೆ ಅಡುಗೆ ಮಾಡುತ್ತಿದ್ದ ರಾಚಯ್ಯ ಆ ಊರಿನವನೇ. ಅವಳ ಮುಖ ನೋಡಲಾರದೆ ತಲೆ ತಗ್ಗಿಸಿಕೊಂಡು ಹೇಳಿದನಂತೆ: "ಪೆಟ್ರೋಲು ತೀರಿತ್ತು ಕಣಕ್ಕ. ಕೆಳಗೆ ಒಬ್ಬ ಹೆಂಗಸು ಇಳೀಬೇಡ, ಇಳೀಬೇಡ ಅಂತ ಕೈ ಬೀಸ್ತಾವ್ಳೆ ಅಂತ ವೈರ್‌ಲೆಸ್ಸಲ್ಲಿ ಅಂದಿದ್ನಂತೆ."

"ಬಾ ಅಂದೆ ಕಣೋ ರಾಚ," ಎಂದಳು ಮಾಳಕ್ಕ. "ನಾನು ಬಾ ಅಂತ ಕರೆದೆ."

ಆ ಹುಡುಗ ಯಾವ ಸೀಮೆಯವನೋ, ಹೆತ್ತವಳು ಎಲ್ಲಿದ್ದಾಳೋ, ಮಾಳಕ್ಕನಿಗೆ ಯಾರೂ ಹೇಳಲಿಲ್ಲ. ಹುರುಳಿಯನ್ನು ಅವಳು ಮತ್ತೆ ಮುಟ್ಟಲಿಲ್ಲ, ಗಾಳಿಗೂ ಹಕ್ಕಿಗೂ ಬಿಟ್ಟಳು. ಅಂದಿನಿಂದ ವಿಮಾನದ ಸದ್ದು ಕೇಳಿದರೆ ಒಲೆಯ ಮೇಲಿನ ಮುದ್ದೆಯನ್ನೂ ಬಿಟ್ಟು ದಿಬ್ಬಕ್ಕೆ ಓಡುವಳು. ಕೈಗಳೆರಡನ್ನೂ ಸೆರಗಿನಲ್ಲಿ ಬಿಗಿದು ಸುತ್ತಿಕೊಂಡು, "ಇಳಿಯಪ್ಪಾ, ಯಾರೂ ಇಲ್ಲ, ಇಳಿ" ಎಂದು ಕೂಗುವಳು. ಕಾವಲಿನವರು ಮೊದಮೊದಲು ಗದರಿದರು, ಆಮೇಲೆ ಸುಮ್ಮನಾದರು. ಅವಳ ಕಣ್ಣೆದುರು ಎಷ್ಟೋ ವಿಮಾನಗಳು ಸುಖವಾಗಿ ಇಳಿದವು. ಒಂದಕ್ಕೂ ಅವಳ ಎದೆ ತಣ್ಣಗಾಗಲಿಲ್ಲ, ತಣ್ಣಗಾಗುವುದಾದರೂ ಹೇಗೆ? ಮುಪ್ಪಿನಲ್ಲಿ ಅವಳು ಆ ದಿಬ್ಬದ ಮೇಲೆಯೇ ಪ್ರಾಣ ಬಿಟ್ಟಳು, ಊರವರು ಅಲ್ಲೇ ಮಣ್ಣು ಮಾಡಿ ಕಲ್ಲು ನೆಟ್ಟರು ಎನ್ನುತ್ತಾರೆ. ಅವಳ ಕೂಗನ್ನು ಕೇಳುತ್ತ ಬಂದ ಹೊರಗಿನವರ ಬಾಯಲ್ಲಿ ಅದು ಇಳಿಯಪ್ಪನ ದಿಬ್ಬವಾಯಿತು.

ಈಗಲೂ ಪ್ರದರ್ಶನದ ದಿನ ಹೋಗಿ ನೋಡಿ. ವಿಮಾನಗಳು ತಲೆಯ ಮೇಲೆಯೇ ಹಾದುಹೋಗುವಾಗ ಜನ ಸಿಳ್ಳೆ ಹಾಕುತ್ತಾರೆ, ಟೋಪಿ ಬೀಸುತ್ತಾರೆ. ಹಾಲಗೊಂಡನಹಳ್ಳಿಯ ಹೆಂಗಸರು ಮಾತ್ರ ಕಲ್ಲಿನ ಸುತ್ತ ಸೆರಗಿನೊಳಗೆ ಕೈ ಇಟ್ಟುಕೊಂಡು ಕುಳಿತಿರುತ್ತಾರೆ. ಖುಷಿ ತಡೆಯಲಾರದೆ ಮೊಮ್ಮಕ್ಕಳು ಟಾಟಾ ಮಾಡಲು ಹೊರಟರೆ, ಅಜ್ಜಿಯರು ಆ ಪುಟ್ಟ ಕೈಗಳನ್ನು ಹಿಡಿದು ಕೆಳಗಿಳಿಸಿ ಮಡಿಲಲ್ಲಿ ಅದುಮಿಕೊಳ್ಳುತ್ತಾರೆ.

"ಕೈ ಎತ್ತಬ್ಯಾಡ ಮಗಾ, ಬ್ಯಾಡ ಅಂದಂಗಾಯ್ತದೆ."